ಎಲ್ಲರ ಮನೆಯೂ 192.168.1.1 ಆದರೆ?

ಬೋರನಕಣಿವೆಯ ನಮ್ಮ ಮನೆಯಲ್ಲಿ ‘ತೋಟದ ಮನೆಗೆ ಹೋಗಿ ಬಾ’ ಎಂದರೆ ಯಾರಿಗೂ ಗೊಂದಲವಿಲ್ಲ. ಅದೇ ಮಾತನ್ನು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಹೇಳಿದರೆ, ಯಾರ ತೋಟ, ಯಾವ ಊರು ಎಂದು ಕೇಳುತ್ತಾರೆ. ಕಂಪ್ಯೂಟರ್ ಜಾಲದ ಖಾಸಗಿ ವಿಳಾಸವೂ ಇಂಥದ್ದೇ. ಬೇಲಿಯ ಒಳಗೆ ಸಾಕಾಗುತ್ತದೆ, ಹೊರಗೆ ಅದಕ್ಕೆ ಅರ್ಥವಿಲ್ಲ.

ಐಪಿ ನಾಲ್ಕನೇ ಆವೃತ್ತಿಯಲ್ಲಿ ಒಟ್ಟು ವಿಳಾಸಗಳೇ ಸುಮಾರು 430 ಕೋಟಿ. ಪ್ರಪಂಚದ ಎಲ್ಲ ಯಂತ್ರಗಳಿಗೂ ಒಂದೊಂದು ಕೊಡಲು ಅವು ಸಾಲವು. ಅದಕ್ಕಾಗಿ 1996ರಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆ ಮೀಸಲಿಟ್ಟಿತು. 10ರಿಂದ ಶುರುವಾಗುವ ಗುಂಪಿನಲ್ಲಿ 1,67,77,216, 172.16ರಿಂದ 172.31ರವರೆಗೆ 10,48,576, 192.168ರಲ್ಲಿ 65,536 ವಿಳಾಸಗಳಿವೆ. ಇವನ್ನು ಯಾರು ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದು. ಇಷ್ಟು ಜಾಗವಿದ್ದರೂ ನಾವೆಲ್ಲ ಒಂದೇ ಮೂಲೆಯಲ್ಲಿ ಕೂತಿದ್ದೇವೆ. ಬಹಳಷ್ಟು ರೂಟರ್‌ಗಳು ಅಂಗಡಿಯಿಂದ ಬರುವಾಗಲೇ 192.168.1.1 ಅಥವಾ 192.168.0.1 ಎಂಬ ವಿಳಾಸ ಹೊತ್ತು ಬರುತ್ತವೆ. ಅದನ್ನು ಬದಲಾಯಿಸುವವರು ಕಡಿಮೆ.

ಎರಡು ಜಾಲಗಳನ್ನು ಜೋಡಿಸುವವರೆಗೆ ಇದರಿಂದ ತೊಂದರೆಯಿಲ್ಲ. ಕೊಬ್ಬರಿಗಾಗಿ ಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದಲ್ಲಿ ಇಡಬೇಕೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮನೆಯ ವರ್ಷದ ದುಡಿಮೆಯೆಲ್ಲ ಅಲ್ಲೇ ಇರುತ್ತದೆ. ಅದನ್ನು ಕಾಯಲು ಭಾಯಿಜಾನ್ ತೋಟದ ಮನೆಗೆ ಕ್ಯಾಮೆರಾ ಹಾಕಿಸಿದರು. ಪೇಟೆಯ ಅಂಗಡಿಯಿಂದಲೇ ನೋಡಲೆಂದು ಎರಡು ಕಡೆಯ ರೂಟರ್‌ಗಳ ನಡುವೆ ವಿಪಿಎನ್ ಎಂಬ ಖಾಸಗಿ ಸುರಂಗವನ್ನೂ ಮಾಡಿಸಿದರು. ಕ್ಯಾಮೆರಾದ ವಿಳಾಸ 192.168.1.10. ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಒತ್ತಿದರೆ ತೆರೆದದ್ದು ಅಟ್ಟವಲ್ಲ, ಪಕ್ಕದಲ್ಲೇ ಇದ್ದ ಪ್ರಿಂಟರಿನ ಪುಟ! ಅದರ ವಿಳಾಸವೂ 192.168.1.10.

ಇಲ್ಲಿ ಸುರಂಗ ಕೆಟ್ಟಿರಲಿಲ್ಲ. ಕಂಪ್ಯೂಟರ್ ಮೊದಲು ಕೇಳುವುದು, ‘ಈ ವಿಳಾಸ ನನ್ನ ಬೇಲಿಯೊಳಗಿನದೇ?’ ಎಂದು. ಮೊದಲ ಮೂರು ಅಂಕಿಗಳು ತನ್ನವೇ ಆಗಿದ್ದರೆ ಅದು ರೂಟರನ್ನು ಕೇಳುವುದೇ ಇಲ್ಲ, ಒಳಗೇ ಹುಡುಕುತ್ತದೆ. ಹೀಗಾಗಿ ಸುರಂಗದ ಬಾಯಿಯವರೆಗೂ ಮಾತು ಹೋಗಲಿಲ್ಲ. ತೋಟದ ಜಾಲಕ್ಕೆ ‘10.147.62’ ಎಂಬ ಬೇರೆ ವಿಳಾಸ ಕೊಟ್ಟ ಮೇಲೆ ಅಟ್ಟ ಕಾಣಿಸಿತು. ಅಬ್ಬಾ ಮಾತ್ರ ಈಗಲೂ ರಾತ್ರಿ ಬ್ಯಾಟರಿ ಹಿಡಿದು ಹೋಗಿ ಬರುತ್ತಾರೆ, ಅದು ಬೇರೆ ವಿಷಯ.

147 ಯಾಕೆ? ಮನಸ್ಸಿಗೆ ಮೊದಲು ಬರುವ 10.0.0 ಅಥವಾ 10.1.1 ಬೇರೆಯವರ ಮನಸ್ಸಿಗೂ ಮೊದಲು ಬರುತ್ತದೆ. ಆದ್ದರಿಂದ ಚೀಟಿ ಎತ್ತಿದಂತೆ ಆರಿಸಬೇಕು. ಆದರೂ 10ರ ನಂತರದ ಅಂಕಿಗೆ ಇರುವ ಆಯ್ಕೆ 256 ಮಾತ್ರ. ಗಣಿತದ ಗೆಳೆಯರು ಲೆಕ್ಕ ಹಾಕಿ ನೋಡಿ: 20 ಜನ ಚೀಟಿ ಎತ್ತಿದರೆ ಇಬ್ಬರಿಗೆ ಒಂದೇ ಅಂಕಿ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. ತರಗತಿಯಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳಬಹುದೆಂಬ ಲೆಕ್ಕವೂ ಇದೇ. ಮೂರನೆಯ ಅಂಕಿಯನ್ನೂ ಹಾಗೇ ಆರಿಸಿದರೆ ಆಯ್ಕೆ 65,536ಕ್ಕೆ ಏರುತ್ತದೆ. ಒಂದು ಮನೆಗೆ ಅದು ಧಾರಾಳ. ನೂರಾರು ಶಾಖೆಗಳಿರುವ ಸಂಸ್ಥೆಗೆ ಸಾಲದು, ಅಲ್ಲಿ ಯಾರಿಗೆ ಯಾವುದೆಂದು ಒಂದು ಪುಸ್ತಕದಲ್ಲಿ ಬರೆದಿಡಲೇಬೇಕು.

ಐಪಿ ಆರನೇ ಆವೃತ್ತಿಯವರು ಇದನ್ನು ಮೊದಲೇ ಯೋಚಿಸಿದರು. 2005ರ ಆರ್‌ಎಫ್‌ಸಿ 4193ರ ಪ್ರಕಾರ ಖಾಸಗಿ ವಿಳಾಸ ‘ಎಫ್‌ಡಿ’ಯಿಂದ ಶುರುವಾಗುತ್ತದೆ. ನಂತರದ 40 ಬಿಟ್‌ಗಳನ್ನು ಯಂತ್ರವೇ ಚೀಟಿ ಎತ್ತಿ ತುಂಬುತ್ತದೆ. ಆಮೇಲೆ ಒಳವಿಭಾಗಕ್ಕೆ 16 ಬಿಟ್, ಯಂತ್ರಕ್ಕೆ 64 ಬಿಟ್. 40 ಬಿಟ್ ಎಂದರೆ ಸುಮಾರು 1.1 ಲಕ್ಷ ಕೋಟಿ ಆಯ್ಕೆಗಳು. ಹೀಗೆ ಆರಿಸಿದ 10,000 ಜಾಲಗಳನ್ನು ಒಟ್ಟಿಗೆ ಜೋಡಿಸಿದರೂ ಎಲ್ಲಾದರೂ ಡಿಕ್ಕಿಯಾಗುವ ಸಂಭವ ಸುಮಾರು 22,000ಕ್ಕೆ ಒಂದು. ಕೇಂದ್ರ ಕಚೇರಿ ಬೇಡ, ಅರ್ಜಿ ಬೇಡ, ಶುಲ್ಕವೂ ಇಲ್ಲ.

ಆದರೆ ನೆನಪಿಡಲು ಸುಲಭವೆಂದು ಆ 40 ಬಿಟ್‌ಗಳಿಗೂ ಸೊನ್ನೆ ತುಂಬುವವರು ಇದ್ದಾರೆ. ಅವರು ಮತ್ತೆ 192.168.1.1ರ ಮೂಲೆಗೇ ಬಂದು ಕೂತಂತೆ.