ಟಿವಿ ರೆಕಾರ್ಡ್ ಮಾಡುವ ಕಂಪ್ಯೂಟರಿಗೆ ಯಾವ ತಂತ್ರಾಂಶ?

ಪ್ರಸಾರವಾಗುತ್ತಿರುವ ಟೆಲಿವಿಷನ್ ಕಾರ್ಯಕ್ರಮವನ್ನು ತಾನಾಗಿಯೇ ಹಿಡಿದಿಟ್ಟುಕೊಂಡು, ಮನೆಯವರು ಬಯಸಿದ ಹೊತ್ತಿಗೆ ದೊಡ್ಡ ಪರದೆಯ ಮೇಲೆ ತೋರಿಸುವುದಕ್ಕೆಂದೇ ಸಜ್ಜುಗೊಳಿಸಿದ ಕಂಪ್ಯೂಟರನ್ನು ಹೋಮ್ ಥಿಯೇಟರ್ ಪಿಸಿ ಎನ್ನುತ್ತಾರೆ. ಇದು ಹುಟ್ಟಿ ಬೆಳೆದದ್ದು ಬಹುಮಟ್ಟಿಗೆ ಅಮೆರಿಕ ಮತ್ತು ಯುರೋಪಿನಲ್ಲಿ. ಆಮೇಲೆ ನೋಡುವ ಸಲುವಾಗಿ ಮನೆಯಲ್ಲಿ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಕೊಳ್ಳುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲಿ, ಸೋನಿಯ ಬೀಟಾಮ್ಯಾಕ್ಸ್ ಯಂತ್ರದ ಮೊಕದ್ದಮೆಯಲ್ಲಿ, ನಾಲ್ವರು ನ್ಯಾಯಮೂರ್ತಿಗಳ ಭಿನ್ನಮತದ ನಡುವೆ ಐವರ ಬಹುಮತದಿಂದ ತೀರ್ಪು ಕೊಟ್ಟಿದ್ದರಿಂದ ಈ ಬಗೆಯ ಯಂತ್ರಗಳಿಗೆಲ್ಲ ಅಲ್ಲಿ ಕಾನೂನಿನ ನೆಲೆ ಸಿಕ್ಕಿತು. 1999ರಲ್ಲಿ ಮಾರುಕಟ್ಟೆಗೆ ಬಂದ ಟಿವೊ ಮತ್ತು ರೀಪ್ಲೇಟಿವಿ ಪೆಟ್ಟಿಗೆಗಳು ಕ್ಯಾಸೆಟ್ಟಿನ ಜಾಗಕ್ಕೆ ಹಾರ್ಡ್ ಡಿಸ್ಕನ್ನು ತಂದವು. ಅದೇ ಕೆಲಸವನ್ನು ಮಾಮೂಲಿ ಕಂಪ್ಯೂಟರಿನಿಂದ, ತಿಂಗಳ ಬಾಡಿಗೆಯಿಲ್ಲದೆ ಮಾಡಿಸಬಹುದಲ್ಲ ಎಂದು ಹೊರಟವರಿಂದ ಹತ್ತಾರು ತಂತ್ರಾಂಶಗಳು ಹುಟ್ಟಿದವು. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಕೊಳ್ಳುವವರು ಸಾಮಾನ್ಯವಾಗಿ ಪರದೆಯ ಅಂದಚಂದ ನೋಡಿ ಉತ್ತರ ಹುಡುಕುತ್ತಾರೆ. ಆದರೆ ಆಯ್ಕೆಯನ್ನು ನಿರ್ಧರಿಸಬೇಕಾದ ಸಂಗತಿಗಳು ಪರದೆಯ ಹಿಂದಿರುತ್ತವೆ.

ಆ ಹಿಂದಿನ ಕೆಲಸ ಏನೆಂಬುದನ್ನು ಮೊದಲು ನೋಡಬೇಕು. ಆಂಟೆನಾದಿಂದಲೋ ಡಿಶ್‌ನಿಂದಲೋ ಬರುವ ಸಂಕೇತವನ್ನು ಹಿಡಿಯುವ ಭಾಗಕ್ಕೆ ಟ್ಯೂನರ್ ಎಂದು ಹೆಸರು. ಅದು ಕಂಪ್ಯೂಟರಿನೊಳಗೆ ಕೂರುವ ಕಾರ್ಡ್ ಆಗಿರಬಹುದು, ಯುಎಸ್‌ಬಿ ಕಡ್ಡಿಯಾಗಿರಬಹುದು, ಇಲ್ಲವೆ ಎಚ್‌ಡಿಹೋಮ್‌ರನ್‌ನಂತೆ ಮನೆಯ ನೆಟ್‌ವರ್ಕಿಗೆ ಸೇರಿಕೊಂಡು ಯಾವ ಕೋಣೆಯ ಕಂಪ್ಯೂಟರಿಗಾದರೂ ವಾಹಿನಿಗಳನ್ನು ಒದಗಿಸುವ ಪುಟ್ಟ ಪೆಟ್ಟಿಗೆಯಾಗಿರಬಹುದು. ಅನಲಾಗ್ ಪ್ರಸಾರದ ಕಾಲದಲ್ಲಿ ಬಂದ ಚಿತ್ರವನ್ನು ಕಂಪ್ಯೂಟರೇ ಅಂಕಿಗಳಾಗಿ ಪರಿವರ್ತಿಸಬೇಕಾಗಿದ್ದರಿಂದ ದುಬಾರಿ ಕಾರ್ಡುಗಳು ಬೇಕಾಗುತ್ತಿದ್ದವು. ಡಿಜಿಟಲ್ ಪ್ರಸಾರದಲ್ಲಿ ಚಿತ್ರವನ್ನು ಕೇಂದ್ರದಲ್ಲೇ ಸಂಕುಚಿತಗೊಳಿಸಿ ಕಳಿಸುವುದರಿಂದ ತಂತ್ರಾಂಶವು ಆ ಪ್ರವಾಹವನ್ನು ಇದ್ದಂತೆಯೇ ಡಿಸ್ಕಿಗೆ ಬರೆದುಕೊಂಡರೆ ಸಾಕು. ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ, ಪ್ರೊಸೆಸರಿಗೆ ಹೆಚ್ಚಿನ ದಣಿವೂ ಇಲ್ಲ. ಅಮೆರಿಕದ ಮೊದಲ ಪೀಳಿಗೆಯ ಡಿಜಿಟಲ್ ಪ್ರಸಾರದ ಒಂದು ತರಂಗಪಟ್ಟಿಯಲ್ಲಿ ಸೆಕೆಂಡಿಗೆ ಗರಿಷ್ಠ 19.39 ಮೆಗಾಬಿಟ್ ಮಾಹಿತಿ ಹರಿಯುತ್ತದಾದ್ದರಿಂದ ಒಂದು ಗಂಟೆಯ ಎಚ್‌ಡಿ ಕಾರ್ಯಕ್ರಮಕ್ಕೆ ಎಷ್ಟೇ ಹೆಚ್ಚೆಂದರೂ ಒಂಬತ್ತು ಗಿಗಾಬೈಟ್ ಒಳಗೇ ಜಾಗ ಸಾಕಾಗುತ್ತದೆ. ಹೀಗಾಗಿ ರೆಕಾರ್ಡ್ ಮಾಡುವುದಕ್ಕಷ್ಟೇ ಬಳಸುವುದಾದರೆ ಹಳೆಯ ಕಂಪ್ಯೂಟರು ಸಾಲದೆಂಬ ಚಿಂತೆಗೆ ಕಾರಣವಿಲ್ಲ.

ಒಳ್ಳೆಯ ತಂತ್ರಾಂಶಗಳಲ್ಲಿ ರೆಕಾರ್ಡ್ ಮಾಡುವ ಭಾಗವೂ ತೋರಿಸುವ ಭಾಗವೂ ಬೇರೆ ಬೇರೆಯಾಗಿರುತ್ತವೆ. ಮೊದಲನೆಯದನ್ನು ಬ್ಯಾಕೆಂಡ್ ಎಂದೂ ಎರಡನೆಯದನ್ನು ಫ್ರಂಟೆಂಡ್ ಎಂದೂ ಕರೆಯುವುದು ರೂಢಿ. ಐಸಾಕ್ ರಿಚರ್ಡ್ಸ್ 2002ರಲ್ಲಿ ಆರಂಭಿಸಿದ ಮಿಥ್‌ಟಿವಿ ಎಂಬ ಮುಕ್ತ ತಂತ್ರಾಂಶವು ಈ ವಿಂಗಡಣೆಯನ್ನು ಜನಪ್ರಿಯಗೊಳಿಸಿದವುಗಳಲ್ಲಿ ಪ್ರಮುಖವಾದದ್ದು. ಅದು ಜಾಹೀರಾತಿನ ಭಾಗಗಳನ್ನು ತಾನೇ ಗುರುತಿಸಿ ದಾಟಿಸಬಲ್ಲದು, ಧಾರಾವಾಹಿಯ ಹೊಸ ಕಂತು ಯಾವುದು ಮರುಪ್ರಸಾರ ಯಾವುದು ಎಂಬುದನ್ನು ಲೆಕ್ಕ ಹಾಕಬಲ್ಲದು, ಎರಡು ಕಾರ್ಯಕ್ರಮಗಳು ಒಂದೇ ಹೊತ್ತಿಗೆ ಬಿದ್ದರೆ ಯಾವುದಾದರೂ ಒಂದನ್ನು ಮುಂದಿನ ಮರುಪ್ರಸಾರದಲ್ಲಿ ಹಿಡಿಯಲು ಯೋಜಿಸಬಲ್ಲದು; ಆದರೆ ಅದನ್ನು ಲಿನಕ್ಸ್ ಮೇಲೆ ಡೇಟಾಬೇಸ್ ಸಮೇತ ಸ್ಥಾಪಿಸಿ ಹದಕ್ಕೆ ತರುವುದು ಪುರಸೊತ್ತಿರುವವರ ಕೆಲಸ. ಟಿವಿಹೆಡೆಂಡ್ ಇದಕ್ಕಿಂತ ಹಗುರ. ಅದಕ್ಕೆ ತನ್ನದೆಂಬ ಟಿವಿ ಪರದೆಯೇ ಇಲ್ಲ. ಬ್ರೌಸರಿನಲ್ಲಿ ತೆರೆಯುವ ಒಂದು ಪುಟದಿಂದ ಅದನ್ನು ನಡೆಸಬೇಕು, ಮತ್ತು ಆ ಪುಟ ಎಂಜಿನಿಯರುಗಳಿಗಾಗಿ ಎಂಜಿನಿಯರುಗಳೇ ಬರೆದಂತಿದೆ ಎಂದರೆ ತಪ್ಪಾಗದು. ಆದರೂ ಒಮ್ಮೆ ಕೂಡಿಸಿಟ್ಟರೆ ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರಿನ ಮೇಲೂ ತಕರಾರಿಲ್ಲದೆ ನಡೆಯುತ್ತದೆ. ವಿಂಡೋಸ್ ಬಿಟ್ಟು ಬರಲೊಲ್ಲದವರಿಗೆ ನೆಕ್ಸ್ಟ್‌ಪಿವಿಆರ್ ಎಂಬ ಉಚಿತ ತಂತ್ರಾಂಶವಿದೆ.

ಬ್ಯಾಕೆಂಡಿನ ಜಾಣತನ ಎಲ್ಲಿ ಉಪಯೋಗಕ್ಕೆ ಬರುತ್ತದೆಂಬುದನ್ನು ಬ್ರಿಟನ್ನಿನ ಫ್ರೀವ್ಯೂ ಸೇವೆಯ ಉದಾಹರಣೆಯಿಂದ ತಿಳಿಯಬಹುದು. ಅಲ್ಲಿ ಹಲವು ವಾಹಿನಿಗಳನ್ನು ಒಟ್ಟುಗೂಡಿಸಿ ಒಂದೇ ತರಂಗಾಂತರದಲ್ಲಿ ಕಳಿಸುತ್ತಾರೆ. ಈ ಕಟ್ಟಿಗೆ ಮಲ್ಟಿಪ್ಲೆಕ್ಸ್ ಎನ್ನುತ್ತಾರೆ. ಸಾಮಾನ್ಯ ಗುಣಮಟ್ಟದ ಬಿಬಿಸಿ ಒನ್ ಒಂದು ಮಲ್ಟಿಪ್ಲೆಕ್ಸಿನಲ್ಲೂ ಐಟಿವಿ ಇನ್ನೊಂದರಲ್ಲೂ ಬರುವುದರಿಂದ ಎರಡನ್ನೂ ಏಕಕಾಲಕ್ಕೆ ರೆಕಾರ್ಡ್ ಮಾಡಲು ಎರಡು ಟ್ಯೂನರ್ ಬೇಕು. ಆದರೆ ಇವೆರಡರ ಎಚ್‌ಡಿ ಆವೃತ್ತಿಗಳು ಒಂದೇ ಮಲ್ಟಿಪ್ಲೆಕ್ಸಿನಲ್ಲಿ ಸೇರಿ ಬರುವುದರಿಂದ, ಇಡೀ ಪ್ರವಾಹವನ್ನು ಒಳಗೆಳೆದುಕೊಂಡು ಬೇಕಾದ ವಾಹಿನಿಗಳನ್ನು ಬಿಡಿಸಿ ಬರೆಯಬಲ್ಲ ಟಿವಿಹೆಡೆಂಡ್ ಅಥವಾ ಮಿಥ್‌ಟಿವಿಯಂಥ ತಂತ್ರಾಂಶಕ್ಕೆ ಒಂದೇ ಟ್ಯೂನರ್ ಸಾಕಾಗುತ್ತದೆ. ಈ ಸಾಮರ್ಥ್ಯವಿಲ್ಲದ ತಂತ್ರಾಂಶವು ಪ್ರತಿ ವಾಹಿನಿಗೂ ಒಂದೊಂದು ಟ್ಯೂನರ್ ಕೇಳುತ್ತದೆ, ಅದರ ಖರ್ಚು ಕೊಂಡವರ ತಲೆಗೆ. ಹಿಂದಿನ ಕ್ರಿಕೆಟ್ ಪಂದ್ಯವೋ ಸುದ್ದಿಯೋ ಹೊತ್ತು ಮೀರಿ ನಡೆದರೆ ಮುಂದಿನ ನಾಟಕದ ಕೊನೆ ತುಂಡಾಗದಿರಲೆಂದು ಪ್ರತಿ ರೆಕಾರ್ಡಿಂಗನ್ನೂ ಕೆಲವು ನಿಮಿಷ ಮೊದಲೇ ಆರಂಭಿಸಿ ಕೆಲವು ನಿಮಿಷ ತಡವಾಗಿ ಮುಗಿಸುವ ಏರ್ಪಾಡೂ ಇರಬೇಕು. ಒಂದರ ಹಿಂದೆ ಒಂದು ಬರುವ ಎರಡು ಕಾರ್ಯಕ್ರಮಗಳು ಈ ಹೆಚ್ಚುವರಿ ನಿಮಿಷಗಳಲ್ಲಿ ಒಂದರ ಮೇಲೊಂದು ಬಿದ್ದಾಗ ತಂತ್ರಾಂಶ ಏನು ಮಾಡುತ್ತದೆಂದು ಪರೀಕ್ಷಿಸಿದರೆ ಅದರ ಯೋಗ್ಯತೆ ಅರ್ಧ ಗೊತ್ತಾದಂತೆ.

ಇಷ್ಟೆಲ್ಲ ಲೆಕ್ಕಾಚಾರಕ್ಕೂ ಆಧಾರವಾದದ್ದು ಕಾರ್ಯಕ್ರಮ ಪಟ್ಟಿ. ಯಾವ ವಾಹಿನಿಯಲ್ಲಿ ಎಷ್ಟು ಗಂಟೆಗೆ ಏನು ಎಂಬ ಮಾಹಿತಿ ಕೈಕೊಟ್ಟರೆ ಅತ್ಯುತ್ತಮ ತಂತ್ರಾಂಶವೂ ಗಡಿಯಾರ ನೋಡಿ ಒತ್ತಬೇಕಾದ ಹಳೆಯ ವಿಸಿಆರ್ ಮಟ್ಟಕ್ಕೆ ಇಳಿಯುತ್ತದೆ. ಯುರೋಪಿನಲ್ಲಿ ಹೆಚ್ಚಾಗಿ ಏಳೆಂಟು ದಿನಗಳ ಪಟ್ಟಿ ಪ್ರಸಾರದ ಜೊತೆಗೇ ಉಚಿತವಾಗಿ ಬರುತ್ತದೆ. ಅಮೆರಿಕದಲ್ಲಿ ಗಾಳಿಯಲ್ಲಿ ಬರುವ ಪಟ್ಟಿ ಚಿಕ್ಕದು. ಅಲ್ಲಿನ ಹವ್ಯಾಸಿಗಳು ಬಹುಕಾಲ ನೆಚ್ಚಿಕೊಂಡಿದ್ದ ಜಾಪ್2ಇಟ್ ಲ್ಯಾಬ್ಸ್‌ನ ಉಚಿತ ಪಟ್ಟಿ 2007ರಲ್ಲಿ ನಿಂತುಹೋದಾಗ, ಮುಕ್ತ ತಂತ್ರಾಂಶದ ಬಳಗದವರೇ ಸೇರಿ ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ವಾರ್ಷಿಕ ಚಂದಾದ ಮೇಲೆ ಪಟ್ಟಿ ಒದಗಿಸತೊಡಗಿದರು. ತಂತ್ರಾಂಶ ಉಚಿತವಾದರೂ ಪಟ್ಟಿಗೆ ಕಾಸು ಬಿಚ್ಚಬೇಕಾದ ಸ್ಥಿತಿ ಅಲ್ಲಿ ಇಂದಿಗೂ ಇದೆ.

ಪಟ್ಟಿಯನ್ನೂ ತಂತ್ರಾಂಶವನ್ನೂ ಒಂದೇ ಕಂಪನಿ ಕೈಯಲ್ಲಿಟ್ಟುಕೊಂಡಿದ್ದರೆ ಏನಾಗುತ್ತದೆಂಬುದಕ್ಕೆ ಮೈಕ್ರೋಸಾಫ್ಟಿನ ವಿಂಡೋಸ್ ಮೀಡಿಯಾ ಸೆಂಟರ್ ಸಾಕ್ಷಿ. 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ವಿಶೇಷ ಆವೃತ್ತಿಯಾಗಿ ಬಂದ ಇದು, ರಿಮೋಟ್ ಹಿಡಿದು ಸೋಫಾದಲ್ಲಿ ಕೂತವರಿಗೆ ಒಗ್ಗುವ ಪರದೆಯ ವಿಷಯದಲ್ಲಿ ಇಂದಿಗೂ ಮೆಚ್ಚುಗೆಯ ಮಾತುಗಳನ್ನು ಪಡೆಯುತ್ತದೆ. ವಿಂಡೋಸ್ 7ರಲ್ಲಿ ಜೊತೆಗೇ ಬಂತು, ವಿಂಡೋಸ್ 8ರಲ್ಲಿ ಪ್ರತ್ಯೇಕ ಸೇರ್ಪಡೆಯಾಯಿತು, 2015ರ ವಿಂಡೋಸ್ 10ರಲ್ಲಿ ಕಣ್ಮರೆಯಾಯಿತು. 2020ರ ಜನವರಿಯಲ್ಲಿ ಪಟ್ಟಿಯ ಸೇವೆಯೂ ನಿಂತು, ಹಳೆಯ ಕಂಪ್ಯೂಟರುಗಳಲ್ಲಿ ಅದನ್ನು ಜತನವಾಗಿ ಕಾಪಾಡಿಕೊಂಡು ಬಂದವರೂ ಪಟ್ಟಿಗೆ ಬೇರೆ ದಾರಿ ಹುಡುಕಬೇಕಾಯಿತು. ಸೇಜ್‌ಟಿವಿ ಎಂಬ ಇನ್ನೊಂದು ಪ್ರಬಲ ತಂತ್ರಾಂಶವನ್ನು 2011ರಲ್ಲಿ ಗೂಗಲ್ ಕೊಂಡುಕೊಂಡ ಮೇಲೆ ಮಾರಾಟ ನಿಂತಿತು. 2015ರಲ್ಲಿ ಅದರ ಮೂಲ ಸಂಕೇತವನ್ನು ಸಾರ್ವಜನಿಕಗೊಳಿಸಿದ್ದರಿಂದ ಉಳಿದುಕೊಂಡಿದೆ. ಮುಕ್ತ ತಂತ್ರಾಂಶಗಳ ಪರದೆ ಒರಟಾಗಿದ್ದರೂ ಅವುಗಳನ್ನು ಯಾರೂ ಒಂದು ದಿನ ಬೆಳಗ್ಗೆ ನಿಲ್ಲಿಸಿಬಿಡಲಾರರು ಎಂಬ ಗುಣಕ್ಕೆ, ವರ್ಷಗಟ್ಟಲೆ ಸಂಗ್ರಹ ಕೂಡಿಡುವವರ ಮಟ್ಟಿಗೆ, ಹೆಚ್ಚಿನ ಬೆಲೆ ಕೊಡಲೇಬೇಕು.

ಫ್ರಂಟೆಂಡಿನ ಆಯ್ಕೆ ಇದಕ್ಕೆ ಹೋಲಿಸಿದರೆ ಸುಲಭ, ಏಕೆಂದರೆ ಹಿಡಿಸದಿದ್ದರೆ ರೆಕಾರ್ಡಿಂಗುಗಳನ್ನು ಮುಟ್ಟದೆ ಬದಲಾಯಿಸಬಹುದು. ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಹುಟ್ಟಿ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡ ತಂತ್ರಾಂಶವು ತಾನು ರೆಕಾರ್ಡ್ ಮಾಡದಿದ್ದರೂ ಮೇಲೆ ಹೇಳಿದ ಬ್ಯಾಕೆಂಡುಗಳೆಲ್ಲದರ ಜೊತೆ ಕೂಡಿಕೊಳ್ಳುತ್ತದೆ. ಪ್ಲೆಕ್ಸ್ ಮತ್ತು ಎಂಬಿ ರೆಕಾರ್ಡಿಂಗಿಗೆ ಹಣ ಕೇಳುತ್ತವೆ, ಪ್ರತಿಯಾಗಿ ಸ್ಥಾಪನೆ ಸಲೀಸು ಮತ್ತು ಮನೆಯಾಚೆ ಮೊಬೈಲಿನಲ್ಲೂ ನೋಡುವ ಅನುಕೂಲ. ಎಂಬಿ ತನ್ನ ಮೂಲ ಸಂಕೇತವನ್ನು ಮುಚ್ಚಿಟ್ಟುಕೊಂಡಾಗ 2018ರ ಡಿಸೆಂಬರಿನಲ್ಲಿ ಅದರಿಂದ ಕವಲೊಡೆದ ಜೆಲ್ಲಿಫಿನ್ ಪೂರ್ತಿ ಉಚಿತ.

ಈ ಎಲ್ಲ ತಂತ್ರಾಂಶಗಳೂ ಸೋಲುವ ಜಾಗ ಒಂದಿದೆ, ಅದು ಗೂಢಲಿಪಿ. ಹಣ ಕೊಟ್ಟವರಷ್ಟೇ ನೋಡಲೆಂದು ಸಂಕೇತವನ್ನು ಕಲಸಿ ಕಳಿಸಿದರೆ ಅದನ್ನು ಬಿಡಿಸುವ ಕೀಲಿ ಅಧಿಕೃತ ಪೆಟ್ಟಿಗೆಯಲ್ಲಷ್ಟೇ ಇರುತ್ತದೆ. ಅಮೆರಿಕದ ಕೇಬಲ್ ಕಂಪನಿಗಳು ಕೇಬಲ್‌ಕಾರ್ಡ್ ಎಂಬ ಬಿಲ್ಲೆಯ ಮೂಲಕ ಆ ಕೀಲಿಯನ್ನು ಗ್ರಾಹಕರ ಯಂತ್ರಕ್ಕೂ ಕೊಡಬೇಕೆಂಬ ನಿಯಮವಿತ್ತು. 2020ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಅದನ್ನು ಕೈಬಿಟ್ಟಿತು. ಈಗ ಎಟಿಎಸ್‌ಸಿ 3.0 ಎಂಬ ಹೊಸ ಪ್ರಸಾರ ಪದ್ಧತಿಯಲ್ಲಿ ಉಚಿತವಾಗಿ ಗಾಳಿಯಲ್ಲಿ ಬರುವ ವಾಹಿನಿಗಳನ್ನೂ ಹಲವು ಕೇಂದ್ರಗಳು ಗೂಢಲಿಪಿಯಲ್ಲಿ ಕಳಿಸತೊಡಗಿರುವುದು ಅಲ್ಲಿನ ಬಳಕೆದಾರರ ದೊಡ್ಡ ತಕರಾರು, ಮತ್ತು ನ್ಯಾಯವಾದ ತಕರಾರು.

ಕರ್ನಾಟಕದ ಮನೆಗಳಲ್ಲಿ ಈ ವ್ಯವಸ್ಥೆ ಹೆಚ್ಚು ಕಾಣದಿರುವುದಕ್ಕೂ ಕಾರಣ ಇದೇ. ಬೆಂಗಳೂರು, ಮೈಸೂರುಗಳನ್ನು ಒಳಗೊಂಡ ಎರಡನೆಯ ಹಂತದ ಕೇಬಲ್ ಡಿಜಿಟಲೀಕರಣಕ್ಕೆ 2013ರ ಮಾರ್ಚ್ 31 ಗಡುವಾಗಿತ್ತು. ಅಂದಿನಿಂದ ಕೇಬಲ್ಲಿನಲ್ಲಿ ಬರುವ ವಾಹಿನಿಗಳೆಲ್ಲ ಗೂಢಲಿಪಿಯಲ್ಲೇ ಬಂದು ಸೆಟ್ ಟಾಪ್ ಬಾಕ್ಸಿನಲ್ಲಷ್ಟೇ ಬಿಡಿಸಿಕೊಳ್ಳುತ್ತವೆ. ಖಾಸಗಿ ಡಿಟಿಎಚ್ ಸೇವೆಗಳ ಮಾತೂ ಅದೇ. ಕೇಬಲ್ ಅಥವಾ ಖಾಸಗಿ ಡಿಶ್ ಇರುವವರು ಟ್ಯೂನರ್ ಕಾರ್ಡಿಗೆ ಹಣ ಸುರಿಯದೆ, ಪೆನ್ ಡ್ರೈವಿಗೆ ರೆಕಾರ್ಡ್ ಮಾಡುವ ಸೌಲಭ್ಯವುಳ್ಳ ಸೆಟ್ ಟಾಪ್ ಬಾಕ್ಸನ್ನೇ ಸೇವಾದಾರರಿಂದ ಕೇಳಿ ಪಡೆಯುವುದು ಲೇಸು. ಮಾಸಿಕ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಇಟ್ಟುಕೊಂಡವರ ಸಂಗತಿ ಬೇರೆ: ಉಪಗ್ರಹ ಸಂಕೇತ ಹಿಡಿಯುವ ಡಿವಿಬಿ-ಎಸ್2 ಟ್ಯೂನರೊಂದನ್ನು ಕಂಪ್ಯೂಟರಿಗೆ ಸೇರಿಸಿ, ಅದಕ್ಕೆ ಲಿನಕ್ಸ್ ಬೆಂಬಲವಿದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿಕೊಂಡು, ಟಿವಿಹೆಡೆಂಡ್ ಸ್ಥಾಪಿಸಿ ಕೋಡಿಯಲ್ಲಿ ನೋಡಿದರೆ, ಚಂದನ ವಾಹಿನಿಯ ಕಾರ್ಯಕ್ರಮಗಳನ್ನು ಪ್ರಸಾರವಾದ ಗುಣಮಟ್ಟದಲ್ಲೇ ಸಂಗ್ರಹಿಸಿಡಬಹುದು.