ಹಲ್ಲು ಕಚ್ಚಿ ಹಿಡಿಯುವ ಇಕ್ಕಳ

ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಪಶುವೈದ್ಯರ ಟ್ರೇಯಲ್ಲಿ ಎದ್ದು ಕಾಣುವುದು ರಕ್ತನಾಳ ಹಿಡಿದಿಡುವ ಆರ್ಟರಿ ಫೋರ್ಸೆಪ್ಸ್‌ಗಳ ಸಾಲು. ಮನುಷ್ಯರ ಆಸ್ಪತ್ರೆಯ ಸಾಮಾನನ್ನೇ ನಾಯಿಗೂ ಹಚ್ಚುತ್ತಾರೆ ಎಂದು ಮೂಗು ಮುರಿಯುವವರಿದ್ದಾರೆ. ಸಾಮಾನು ಅಲ್ಲಿಂದಲೇ ಬಂದದ್ದು, ಸುಳ್ಳಲ್ಲ. ಆದರೆ ಅದು ಯಾವ ಕೊರತೆ ನೀಗಲು ಹುಟ್ಟಿತು ಎಂದು ನೋಡಿದರೆ, ಪಶುವೈದ್ಯರಿಗಿಂತ ದೊಡ್ಡ ಹಕ್ಕುದಾರರು ಅದಕ್ಕಿಲ್ಲ.

ಹಿಡಿಯುವ ಬಾಯಿ ಬಹಳ ಹಳೆಯದು. ಸುಶ್ರುತ ಸಂಹಿತೆ 24 ಬಗೆಯ ಸ್ವಸ್ತಿಕ ಯಂತ್ರಗಳನ್ನು, ಅಂದರೆ ಇಕ್ಕಳಗಳನ್ನು, ಹೇಳಿ, ಸಿಂಹ, ಕಾಗೆ, ಕಂಕಪಕ್ಷಿಗಳ ಮುಖದ ಹೆಸರಿಡುತ್ತದೆ. ಎರಡು ತೋಳು ಕೂಡುವಲ್ಲಿ ಮಸೂರ ಕಾಳಿನಂಥ ಮೊಳೆ, ಕೆಲಸ ಮೂಳೆಗೆ ನಾಟಿದ ಶಲ್ಯ ಕೀಳುವುದು. 16ನೇ ಶತಮಾನದ ಫ್ರಾನ್ಸಿನಲ್ಲಿ ಆಂಬ್ರೋಸ್ ಪಾರೆ ರಕ್ತನಾಳ ಎಳೆದು ಕಟ್ಟಲು ಬಳಸಿದ್ದೂ ಕಾಗೆ ಕೊಕ್ಕಿನ ಇಕ್ಕಳವೇ. ಬಾಯಿಗಿಂತ ದೊಡ್ಡ ಬದಲಾವಣೆ ಆದದ್ದು ಹಿಡಿಯಲ್ಲಿ. 1860–70ರ ದಶಕಗಳಲ್ಲಿ ಪ್ಯಾರಿಸ್ಸಿನ ಪಿಯಾನ್, ಸ್ಟ್ರಾಸ್‌ಬರ್ಗಿನ ಕೋಬರ್ಲೆ, ಲಂಡನ್ನಿನ ಸ್ಪೆನ್ಸರ್ ವೆಲ್ಸ್ ಬೀಗ ಬೀಳುವ ಫೋರ್ಸೆಪ್ಸನ್ನು ರೂಢಿಗೆ ತಂದರು. (ಮೊದಲಿಗರು ಯಾರೆಂದು ಪಿಯಾನ್, ಕೋಬರ್ಲೆ ಜಗಳವನ್ನೂ ಆಡಿದರು.) ಮೂವರೂ ಹೊಟ್ಟೆ ತೆರೆದು ಅಂಡಾಶಯದ ಗಡ್ಡೆ ತೆಗೆಯುತ್ತಿದ್ದವರು. ರಕ್ತ ಹತ್ತು ಕಡೆ ಚಿಮ್ಮುವಾಗ ಹಿಡಿಯಲು ಅಷ್ಟು ಕೈಗಳೆಲ್ಲಿ? ಹಿಡಿಗಳ ನಡುವಿನ ರ‍್ಯಾಚೆಟ್ ಹಲ್ಲುಗಳು ಆ ಕೊರತೆ ತುಂಬಿದವು.

ಹೆಣ್ಣುನಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಮತ್ತೆ ಅದೇ ಅಂಡಾಶಯ, ಅದೇ ಕೈಗಳ ಕೊರತೆ. ಅಂಡಾಶಯದ ಬುಡಕ್ಕೆ ಮೂರು ಕ್ಲ್ಯಾಂಪ್ ಹಾಕಿ, ಕೆಳಗಿನದನ್ನು ಸಡಿಲಿಸುತ್ತಾ ಅದು ಒತ್ತಿದ ಗೆರೆಯಲ್ಲೇ ದಾರ ಬಿಗಿಯುವುದು ಬಲ್ಲವರ ಪದ್ಧತಿ. ಇಲ್ಲಿ ಒಲವು ಕಾರ್ಮಾಲ್ಟ್ ಇಕ್ಕಳದ ಕಡೆಗೆ: ಅದರ ಬಾಯಲ್ಲಿ ಗೀರುಗಳು ಉದ್ದಕ್ಕೆ ಇರುವುದರಿಂದ ಬಿಡಿಸುವಾಗ ನಾಳ ಎಳೆದುಕೊಳ್ಳುವುದು ಕಡಿಮೆ. ಹೋರಿಯ ಬೀಜ ಒಡೆಯುವ ಬರ್ಡಿಜೊ ಪಶುವೈದ್ಯರದೇ ಸೃಷ್ಟಿಯಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅದು ಚರ್ಮದ ಮೇಲಿಂದ ವೀರ್ಯನಾಳದ ಹುರಿಯನ್ನು ಜಜ್ಜಿ ಬಿಡುತ್ತದೆ, ಹಿಡಿದು ಕಾಯುವುದಿಲ್ಲ. ಬೀಗದ ಹಿಡಿತ ಅಂಗಾಂಶವನ್ನು ನಲುಗಿಸುತ್ತದೆ ಎಂಬ ಆಕ್ಷೇಪಕ್ಕೆ ತೂಕ ಹೆಚ್ಚು. ಅದಕ್ಕೇ ಹಲ್ಲಿನ ಕೋಕರ್ ಇಕ್ಕಳ ಕತ್ತರಿಸಿ ಎಸೆಯುವ ಭಾಗಕ್ಕೆ, ಕರುಳಿಗೆ ಮೆತ್ತಗಿನ ಬ್ಯಾಬ್‌ಕಾಕ್. ಬಾಯಿ ಬದಲಾಯಿತು, ಬೀಗ ಉಳಿಯಿತು. ಓಲ್ಸನ್–ಹೇಗರ್ ಸೂಜಿಹಿಡಿಯಂತೂ ಸಹಾಯಕರ ಕೆಲಸವನ್ನೇ ನುಂಗಿದೆ: ಸೂಜಿ ಹಿಡಿಯುವ ಬಾಯಿಯ ಹಿಂದೆಯೇ ಕತ್ತರಿ. ಹೊಸಬರು ಗಂಟು ಬಿಗಿಯುವ ಮುನ್ನವೇ ಅದರಲ್ಲಿ ದಾರ ಕತ್ತರಿಸಿಕೊಳ್ಳುವುದುಂಟು. ಆದರೂ ಒಬ್ಬರೇ ದುಡಿಯುವ ಪಶುವೈದ್ಯರು ಅದನ್ನು ಬಿಟ್ಟುಕೊಡುವುದಿಲ್ಲ.