ಕ್ಯಾರವಾನ್ ಪ್ರವಾಸ: ಮಾರ್ಗದ ಆಯ್ಕೆಗೂ ಬೇಕು ಉದ್ಯಮಿಯ ಲೆಕ್ಕ

ವರ್ಷವಿಡೀ ಯಂತ್ರಗಳ ಸದ್ದಿನ ನಡುವೆ ದುಡಿಯುವ ಸಣ್ಣ ಉದ್ಯಮಿಗೆ ದೊರೆಯುವ ನಿಜವಾದ ಬಿಡುವೆಂದರೆ ಆಯುಧಪೂಜೆಯ ನಂತರದ ನಾಲ್ಕೈದು ದಿನಗಳು ಮಾತ್ರ. ಪೀಣ್ಯ, ದಾಸರಹಳ್ಳಿ, ಚಿಕ್ಕಬಾಣಾವರ ಪ್ರದೇಶಗಳ ಬಹುಪಾಲು ಘಟಕಗಳು ಪೂಜೆ ಮುಗಿಸಿ ಷಟರ್ ಎಳೆಯುವುದು ಆಗಲೇ. ಈ ಅಲ್ಪಾವಧಿಯನ್ನು ಕುಟುಂಬದೊಡನೆ ಕಳೆಯಲು ಈಚಿನ ವರ್ಷಗಳಲ್ಲಿ ಹೊಸದೊಂದು ಅನುಕೂಲ ಒದಗಿದೆ. ಮಲಗಲು ಮಂಚ, ಸಣ್ಣ ಅಡುಗೆಕೋಣೆ, ಶೌಚಾಲಯಗಳನ್ನು ಒಳಗೊಂಡ ಕ್ಯಾರವಾನ್ ವಾಹನಗಳು ಕರ್ನಾಟಕದಲ್ಲಿಯೂ ಬಾಡಿಗೆಗೆ ದೊರೆಯುತ್ತಿವೆ. ನೆರೆಯ ಕೇರಳವು 2021ರಲ್ಲಿಯೇ ‘ಕೇರವಾನ್ ಕೇರಳ’ ಎಂಬ ಹೆಸರಿನಲ್ಲಿ ಇಂತಹ ಪ್ರವಾಸಕ್ಕೆ ಉತ್ತೇಜನ ನೀಡಲಾರಂಭಿಸಿತು.

ವಾಹನವನ್ನು ಗೊತ್ತುಮಾಡುವಾಗ ನಾವು ಹತ್ತು ಕಡೆ ದರ ವಿಚಾರಿಸುತ್ತೇವೆ. ಆದರೆ ಮಾರ್ಗವನ್ನು ಮಾತ್ರ ಮೊಬೈಲ್ ಫೋನಿನ ನಕ್ಷೆ ತೋರಿದಂತೆ ಒಪ್ಪಿಕೊಳ್ಳುತ್ತೇವೆ. ಖರ್ಚಿನ ದೃಷ್ಟಿಯಿಂದಲೂ ಪರಿಸರದ ದೃಷ್ಟಿಯಿಂದಲೂ ಇದು ತಪ್ಪು ಕ್ರಮ. ಜಾಬ್‌ವರ್ಕಿನ ದರ ಕಟ್ಟುವಾಗ ಕಚ್ಚಾ ಸಾಮಗ್ರಿಯ ಬೆಲೆಯನ್ನಷ್ಟೇ ಹಿಡಿದು ಸೆಟ್ಟಿಂಗ್ ಸಮಯ, ವಿದ್ಯುತ್ತು, ಸ್ಕ್ರ್ಯಾಪ್‌ಗಳನ್ನು ಮರೆತವನು ನಷ್ಟ ಅನುಭವಿಸುವಂತೆ, ಕೇವಲ ಕಿಲೋಮೀಟರುಗಳನ್ನು ಎಣಿಸಿ ಮಾರ್ಗ ಆರಿಸಿದವನೂ ನಷ್ಟ ಅನುಭವಿಸುತ್ತಾನೆ. ದೂರದ ಜೊತೆಗೆ ಏರು, ವೇಗ ಮತ್ತು ರಾತ್ರಿಯ ತಂಗುದಾಣ ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಏರಿನ ವೆಚ್ಚ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಕರಾವಳಿಗೆ ಇಳಿದ ವಾಹನ ಇಷ್ಟು ಎತ್ತರವನ್ನು ಮರಳಿ ಏರಲೇಬೇಕು. 3.5 ಟನ್ ತೂಕದ ಕ್ಯಾರವಾನನ್ನು 900 ಮೀಟರ್ ಎತ್ತಲು ಬೇಕಾಗುವ ಶಕ್ತಿ ಸುಮಾರು 31 ಮೆಗಾಜೂಲ್. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಕ್ತಿ ಸುಮಾರು 36 ಮೆಗಾಜೂಲ್ ಆದರೂ, ಅದರಲ್ಲಿ ಚಕ್ರಕ್ಕೆ ತಲುಪುವುದು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಸಮತಟ್ಟಾದ ರಸ್ತೆಯ ಖರ್ಚಿನ ಮೇಲೆ ಸುಮಾರು 3 ಲೀಟರ್ ಹೆಚ್ಚುವರಿ ಡೀಸೆಲ್ ಬೇಕು. ಇಳಿಯುವಾಗ ಅಲ್ಪಸ್ವಲ್ಪ ಉಳಿತಾಯವಾದರೂ ಘಾಟಿಯಲ್ಲಿ ಅದರ ಬಹುಪಾಲು ಬ್ರೇಕಿನ ಶಾಖವಾಗಿ ವ್ಯರ್ಥವಾಗುತ್ತದೆ.

ಮೈಸೂರಿನಿಂದ ಊಟಿಗೆ ಏರಬೇಕಾದುದು ಸುಮಾರು 1,480 ಮೀಟರ್. ಅಲ್ಲಿಂದ ಕೋಳಿಕ್ಕೋಡಿಗೆ ಇಳಿದು, ಮಂಗಳೂರಿನಿಂದ ಶಿರಾಡಿ ಘಾಟಿಯನ್ನು ಮತ್ತೆ ಏರುವವರು ಎರಡು ಬಾರಿ ಏರಿನ ಸುಂಕ ತೆರುತ್ತಾರೆ. ಒಂದೇ ಏರು, ಒಂದೇ ಇಳಿತವಿರುವ ವರ್ತುಲಾಕಾರದ ಮಾರ್ಗವೇ ಲಾಭದಾಯಕ.

ವೇಗದ ವೆಚ್ಚ

ಕ್ಯಾರವಾನ್ ಎಂದರೆ ಎತ್ತರದ ಪೆಟ್ಟಿಗೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 80 ಕಿ.ಮೀ. ವೇಗಕ್ಕೆ ಹೋಲಿಸಿದರೆ 100 ಕಿ.ಮೀ. ವೇಗದಲ್ಲಿ ಈ ಪ್ರತಿರೋಧ ಶೇ. 56ರಷ್ಟು ಅಧಿಕ. ದಿನಕ್ಕೆ 200 ಕಿ.ಮೀ. ಆಸುಪಾಸಿನ ಪಯಣವನ್ನು ಯೋಜಿಸಿಕೊಂಡವರಿಗೆ 100ರ ವೇಗದ ಅಗತ್ಯವೇ ಬೀಳುವುದಿಲ್ಲ. ದಿನಕ್ಕೆ 400 ಕಿ.ಮೀ. ಗುರಿ ಇಟ್ಟುಕೊಂಡವರು ಅನಿವಾರ್ಯವಾಗಿ ಆ ವೇಗಕ್ಕೆ ಹೋಗುತ್ತಾರೆ.

ರಾತ್ರಿಯ ವೆಚ್ಚ

ಬಹುಮಂದಿ ಗಮನಿಸದ ಬಾಬತ್ತು ಇದು. ಸೆಕೆಯ ಊರಿನಲ್ಲಿ ರಾತ್ರಿ ತಂಗಿದಾಗ ಹವಾನಿಯಂತ್ರಕಕ್ಕಾಗಿ ಎಂಜಿನ್ ಓಡಿಸಿದರೆ ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಉರಿಯುತ್ತದೆ. ಎಂಟು ಗಂಟೆಗೆ 8 ಲೀಟರ್, ಅಂದರೆ ವಾಹನ ಒಂದಡಿಯೂ ಮುಂದೆ ಸಾಗದೆ 70 ಕಿ.ಮೀ. ಓಡಿದಷ್ಟು ಖರ್ಚು. ಅದೇ ಯಂತ್ರವನ್ನು ತಂಗುದಾಣದ ವಿದ್ಯುತ್ ಸಂಪರ್ಕದಿಂದ ನಡೆಸಿದರೆ ಸುಮಾರು 10 ಯೂನಿಟ್ ಸಾಕು. ಮಲೆನಾಡಿನ ತಂಪಿನಲ್ಲಿ ತಂಗಿದರೆ ಅದೂ ಬೇಡ.

ಎರಡು ಮಾರ್ಗಗಳ ಹೋಲಿಕೆ

ಐದು ಹಗಲು, ನಾಲ್ಕು ರಾತ್ರಿಗಳ ಎರಡು ಪ್ರವಾಸಗಳನ್ನು ಪರಿಶೀಲಿಸೋಣ. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 9 ಕಿ.ಮೀ. ಮೈಲೇಜ್, ಡೀಸೆಲಿಗೆ 90 ರೂ. ಎಂದಿಟ್ಟುಕೊಳ್ಳಲಾಗಿದೆ. ದೂರಗಳೂ ಸ್ಥೂಲವಾದವು. ಓದುಗರು ತಮ್ಮ ವಾಹನದ ಅಂಕಿಗಳನ್ನು ಹಾಕಿಕೊಳ್ಳಬಹುದು.

ಮೊದಲನೆಯದು ವಾಡಿಕೆಯ ಮಾರ್ಗ: ಚಿಕ್ಕಬಾಣಾವರ, ಮೈಸೂರು, ಊಟಿ, ಕೋಳಿಕ್ಕೋಡ್, ಕಣ್ಣೂರು, ಮಂಗಳೂರು, ಶಿರಾಡಿ ಮೂಲಕ ವಾಪಸು. ಸುಮಾರು 1,050 ಕಿ.ಮೀ. ಓಡಾಟಕ್ಕೆ 117 ಲೀಟರ್, ಎರಡು ಏರುಗಳಿಗೆ 8 ಲೀಟರ್, ಕರಾವಳಿಯಲ್ಲಿ ಮೂರು ರಾತ್ರಿ ಎಂಜಿನ್ ಓಡಿಸಿದರೆ 24 ಲೀಟರ್. ಒಟ್ಟು 149 ಲೀಟರ್, ಅಂದರೆ 13,410 ರೂ.

ಎರಡನೆಯದು ಮಲೆನಾಡಿನ ವರ್ತುಲ: ಕುಣಿಗಲ್, ಹಾಸನದ ಮೂಲಕ ಸಕಲೇಶಪುರದಲ್ಲಿ ಮೊದಲ ತಂಗು. ಅಲ್ಲಿಯವರೆಗೆ ರಸ್ತೆ ಪ್ರಸ್ಥಭೂಮಿಯ ಮೇಲೆಯೇ ಸಾಗುವುದರಿಂದ ಹೇಳಿಕೊಳ್ಳುವಂತಹ ಏರಿಲ್ಲ. ಎರಡನೆಯ ದಿನ ಹಗಲಿನಲ್ಲಿ ಶಿರಾಡಿ ಇಳಿದು, ಉಡುಪಿ ದರ್ಶನ ಮುಗಿಸಿ, ಕುಂದಾಪುರದಲ್ಲಿ ವಿದ್ಯುತ್ ಸಂಪರ್ಕವಿರುವೆಡೆ ತಂಗು. ಮೂರನೆಯ ದಿನ ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿ ಏರಿ, ಜೋಗ ನೋಡಿಕೊಂಡು ಸಾಗರಕ್ಕೆ. ಅಲ್ಲಿ ಎರಡು ರಾತ್ರಿ ನಿಂತು ಇಕ್ಕೇರಿ, ಕೆಳದಿ ದೇವಾಲಯಗಳ ದರ್ಶನ. ಕೊನೆಯ ದಿನ ಶಿವಮೊಗ್ಗ, ತುಮಕೂರು ಮೂಲಕ ಮನೆಗೆ. ಆ ಒಂದು ದಿನ ಮಾತ್ರ 335 ಕಿ.ಮೀ. ಓಟವಿರುವುದರಿಂದ ಬೆಳಗಿನ ಜಾವವೇ ಹೊರಡುವುದು ಲೇಸು. ಒಟ್ಟು ಸುಮಾರು 950 ಕಿ.ಮೀ. ಓಡಾಟಕ್ಕೆ 106 ಲೀಟರ್, ಒಂದೇ ಏರಿಗೆ 3 ಲೀಟರ್. ಒಟ್ಟು 109 ಲೀಟರ್, ಅಂದರೆ 9,810 ರೂ., ಜೊತೆಗೆ ಒಂದು ರಾತ್ರಿಯ ವಿದ್ಯುತ್ತು.

ಉಳಿತಾಯ 40 ಲೀಟರ್, 3,600 ರೂ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ನೂರು ಕೆ.ಜಿ.ಗೂ ಮಿಕ್ಕಿ ಹೊಗೆ ತಪ್ಪಿತು. ಈ 40 ಲೀಟರಿನಲ್ಲಿ ದೂರ ಕಡಿಮೆಯಾದುದರಿಂದ ಉಳಿದದ್ದು ಕೇವಲ 11 ಲೀಟರ್. ಮಿಕ್ಕ 29 ಲೀಟರ್ ಉಳಿದದ್ದು ಏರು ಮತ್ತು ತಂಗುದಾಣಗಳ ಆಯ್ಕೆಯಿಂದ. ಮೊಬೈಲಿನ ನಕ್ಷೆ ಈ ಅಂಕಿಯನ್ನು ತೋರಿಸುವುದಿಲ್ಲ.

ಕಾಲ, ಕಾನೂನು ಮತ್ತು ಸುರಕ್ಷತೆ

ವಾಡಿಕೆಯ ಮಾರ್ಗದಲ್ಲಿ ನಾವೇ ಒಮ್ಮೆ ಪಾಠ ಕಲಿತಿದ್ದೇವೆ. ನಮ್ಮ ಘಟಕದ ಕುಟುಂಬಗಳೊಡನೆ ಊಟಿಗೆ ಹೊರಟಾಗ ಮೈಸೂರಿನ ಬಳಿ ಟೈರು ಕೈಕೊಟ್ಟು ತಡವಾಯಿತು. ಬಂಡೀಪುರದ ತನಿಖಾ ಠಾಣೆ ತಲುಪುವ ವೇಳೆಗೆ ರಾತ್ರಿ 9 ಗಂಟೆ ಮೀರಿತ್ತು. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದಲೂ ಇದೆ. ವನ್ಯಜೀವಿಗಳ ರಕ್ಷಣೆಗಾಗಿ ಇರುವ ಈ ನಿಯಮ ಗೊತ್ತಿದ್ದೂ ಒಂದು ಗಂಟೆಯ ಅಂತರವನ್ನೂ ಇಟ್ಟುಕೊಳ್ಳದೆ ಹೊರಟದ್ದು ನಮ್ಮದೇ ತಪ್ಪು. ಗುಂಡ್ಲುಪೇಟೆಗೆ ಮರಳಿ, ಮಕ್ಕಳನ್ನು ಕಟ್ಟಿಕೊಂಡು ವಸತಿಗೃಹ ಹುಡುಕಿದ್ದಾಯಿತು. ನೀಲಗಿರಿ ಜಿಲ್ಲೆಯ ಪ್ರವೇಶಕ್ಕೆ 2024ರ ಮೇ 7ರಿಂದ ಇ-ಪಾಸ್ ವ್ಯವಸ್ಥೆಯೂ ಜಾರಿಗೆ ಬಂದಿದೆ.

ಮಳೆಗಾಲದ ವಿಚಾರ ಇನ್ನೂ ಗಂಭೀರವಾದುದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೂ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯೂ ಭೂಕುಸಿತದಿಂದ ಮುಚ್ಚಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾ ಅಂಗಡಿಯೂ ಅಲ್ಲಿ ನಿಂತಿದ್ದ ವಾಹನಗಳೂ ಮಣ್ಣುಪಾಲಾದವು, ಹಲವರು ಪ್ರಾಣ ಕಳೆದುಕೊಂಡರು. ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದೆಂಬುದೇ ಕ್ಯಾರವಾನಿನ ಆಕರ್ಷಣೆ. ಆದರೆ ಗುಡ್ಡ ಕಡಿದು ಮಾಡಿದ ಹೆದ್ದಾರಿಯ ಬದಿಯಲ್ಲಿ, ಯಾವ ಕಾಲದಲ್ಲಿಯೇ ಆಗಲಿ, ರಾತ್ರಿ ತಂಗಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ಪ್ರವಾಸವನ್ನೇ ಕೈಬಿಟ್ಟು ಬಯಲುಸೀಮೆಯತ್ತ ಹೊರಡುವುದು ಕ್ಷೇಮ. ಹದಿನಾಲ್ಕು ಕಡಿದಾದ ತಿರುವುಗಳುಳ್ಳ ಆಗುಂಬೆ ಘಾಟಿಯಂತೂ ದೊಡ್ಡ ಗಾತ್ರದ ಕ್ಯಾರವಾನಿಗೆ ತಕ್ಕುದಲ್ಲ.

ತ್ಯಾಜ್ಯದ ಹೊಣೆ

ಶೌಚದ ತೊಟ್ಟಿಯನ್ನೂ ಪಾತ್ರೆ ತೊಳೆದ ನೀರಿನ ತೊಟ್ಟಿಯನ್ನೂ ಎಲ್ಲಿ ಖಾಲಿ ಮಾಡುವಿರೆಂಬುದನ್ನು ಹೊರಡುವ ಮೊದಲೇ ನಿಗದಿಪಡಿಸಬೇಕು. ಶಿರಾಡಿಯ ತಿರುವಿನಲ್ಲಿ ಸುರಿದ ಕೊಳಕು ಕೆಂಪುಹೊಳೆ ಸೇರಿ, ಕುಮಾರಧಾರೆಯ ಮೂಲಕ ನೇತ್ರಾವತಿಗೆ ಇಳಿದು, ತುಂಬೆಯ ಅಣೆಕಟ್ಟೆಯನ್ನು ತಲುಪುತ್ತದೆ. ಮಂಗಳೂರು ಕುಡಿಯುವುದು ಅಲ್ಲಿಯ ನೀರನ್ನೇ. ಕೊಳಚೆ ನೀರು ಒಂದು ಕೆರೆಯನ್ನು ಯಾವ ಗತಿಗೆ ತರಬಲ್ಲದೆಂಬುದನ್ನು ಚಿಕ್ಕಬಾಣಾವರದ ಕೆರೆಯನ್ನು ಕಂಡ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಖಾಸಗಿ ಕಾರು, ಜೀಪು, ವ್ಯಾನುಗಳಿಗೆ 2025ರ ಆಗಸ್ಟ್ 15ರಿಂದ ಆರಂಭವಾದ ವಾರ್ಷಿಕ ಫಾಸ್ಟ್ಯಾಗ್ ಪಾಸು ವಾಣಿಜ್ಯ ನೋಂದಣಿಯ ಬಾಡಿಗೆ ವಾಹನಕ್ಕೆ ಅನ್ವಯಿಸದು. ಟೋಲ್ ಶುಲ್ಕವನ್ನು ಪ್ರತ್ಯೇಕವಾಗಿ ಲೆಕ್ಕ ಹಿಡಿಯಿರಿ.

2. ಹೊರರಾಜ್ಯಕ್ಕೆ ಹೋಗುವುದಾದರೆ ಪರ್ಮಿಟ್ ಮತ್ತು ತೆರಿಗೆ ಯಾರ ಹೊಣೆ ಎಂಬುದನ್ನು ವಾಹನದ ಮಾಲೀಕರಿಂದ ಬರಹದಲ್ಲಿ ಪಡೆಯಿರಿ.

3. ಬೆಸುಗೆ, ಫ್ಯಾಬ್ರಿಕೇಷನ್ ಕೈಯಳತೆಯಲ್ಲಿದೆ ಎಂದು ಹಳೆಯ ವ್ಯಾನನ್ನು ನಾವೇ ಕ್ಯಾರವಾನಾಗಿ ಮಾರ್ಪಡಿಸಿಕೊಳ್ಳುವುದು ಸಲ್ಲದು. ಅನುಮತಿಯಿಲ್ಲದ ಮಾರ್ಪಾಡನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಷೇಧಿಸುತ್ತದೆ. ಅಪಘಾತವಾದಾಗ ವಿಮೆಯ ಹಣಕ್ಕೂ ಸಂಚಕಾರ ಬರಬಹುದು. ಕ್ಯಾರವಾನುಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಬಿಡಿಭಾಗ ತಯಾರಿಸಲು ಆಸಕ್ತಿಯುಳ್ಳವರು ಅದನ್ನು ಅಭ್ಯಸಿಸುವುದು ಒಳಿತು.

4. ಪ್ರಯಾಣಿಕರು ಇಬ್ಬರೇ ಆದರೆ ಕ್ಯಾರವಾನ್ ಮಿತವ್ಯಯವೂ ಅಲ್ಲ, ಪರಿಸರಸ್ನೇಹಿಯೂ ಅಲ್ಲ. ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ಹೋಗುವ, 2017ರಲ್ಲಿ ಪೂರ್ಣಗೊಂಡ ರೈಲುಮಾರ್ಗ ಕವಲೊಡೆಯುವುದು ನಮ್ಮ ಚಿಕ್ಕಬಾಣಾವರದಲ್ಲಿಯೇ. ರೈಲಿನಲ್ಲಿ ಹಾಸನ ತಲುಪಿ ಅಲ್ಲಿ ಸಣ್ಣ ವಾಹನ ಹಿಡಿಯುವುದು ಅಂಥವರಿಗೆ ಎಲ್ಲ ರೀತಿಯಿಂದಲೂ ಮೇಲು.

ಮುಕ್ತಾಯ

ನಾಲ್ಕು ರಜೆಯಲ್ಲಿ ಹತ್ತು ಊರು ನೋಡಿ ಬಂದವರು ಸೋಮವಾರ ದಣಿದ ಮೈಯಲ್ಲಿ ಷಟರ್ ಎತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಊರು ಕಡಿಮೆ ಮಾಡಿ ಒಂದೆಡೆ ಎರಡು ರಾತ್ರಿ ನಿಂತರೆ ಡೀಸೆಲ್ ಉಳಿಯುತ್ತದೆ, ಘಾಟಿಯ ಮೇಲಿನ ಹೊರೆ ತಗ್ಗುತ್ತದೆ, ಮನೆಮಂದಿಯೊಡನೆ ಕುಳಿತು ಮಾತನಾಡಲು ಒಂದು ಸಂಜೆಯೂ ದೊರೆಯುತ್ತದೆ. ಬರುವ ಆಯುಧಪೂಜೆಗೆ ವಾಹನದ ಮುಂಗಡ ಕೊಡುವ ಮುನ್ನ ಸದಸ್ಯ ಬಂಧುಗಳು ಒಂದು ಹಾಳೆಯಲ್ಲಿ ದೂರ, ಏರು, ವೇಗ, ತಂಗು ಎಂಬ ನಾಲ್ಕು ಅಂಕಣಗಳನ್ನು ಎಳೆದು ತಮ್ಮ ಮಾರ್ಗದ ಲೆಕ್ಕ ಹಾಕಲಿ. ಅರ್ಧ ಗಂಟೆಯ ಈ ಕೆಲಸಕ್ಕೆ ಮೂರೂವರೆ ಸಾವಿರ ರೂಪಾಯಿ ಪ್ರತಿಫಲ ದೊರೆಯುವುದಾದರೆ, ಅದನ್ನು ಬೇಡವೆನ್ನುವ ಉದ್ಯಮಿ ಇರಲಾರ.